ಕಿಕ್ ಡ್ರಮ್ ಖಾಲಿ ಇದ್ದಾಗಲೇ ಟ್ಯೂನ್ ಮಾಡಿ

ದಾವಣಗೆರೆ ಸುತ್ತಮುತ್ತ ಯಾರ ಡ್ರಮ್ ಸೆಟ್ ನೋಡಿದರೂ ಕಿಕ್ (ಕಾಲಿನ ಪೆಡಲ್ ಒತ್ತಿ ಬಾರಿಸುವ ದೊಡ್ಡ ಡ್ರಮ್) ಒಳಗೆ ಒಂದು ದಿಂಬು ಇದ್ದೇ ಇರುತ್ತದೆ. ಕೆಲವರದ್ದರಲ್ಲಿ ಎರಡು. ಹರಿಹರದ ಹುಡುಗನೊಬ್ಬ ಇಡೀ ಕೌದಿಯನ್ನೇ ಮಡಚಿ ತುರುಕಿದ್ದ. ಯಾಕಪ್ಪಾ ಅಂದರೆ, "ಗುಂಯ್ ಅಂತೈತಣ್ಣ, ಅದಕ್ಕೇ" ಅಂದ. ಅನ್ನಲಿ ಬಿಡಿ. ಆ ಗುಂಯ್ ಯಾವ ಸ್ವರದಲ್ಲಿದೆ, ಎಷ್ಟು ಹೊತ್ತು ಎಳೆಯುತ್ತದೆ ಅಂತ ನೋಡದೇ ಅದರ ಬಾಯಿ ಮುಚ್ಚಿದರೆ, ಡ್ರಮ್‌ನಲ್ಲಿದ್ದ ಒಳ್ಳೆಯದೂ ಅದರ ಜೊತೆಗೇ ಹೋಗುತ್ತದೆ. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಇಕ್ಯೂ (ಕೆಳಗಿನ, ಮೇಲಿನ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ಎಷ್ಟು ತಿರುಗಿಸಿದರೂ ವಾಪಸ್ ಬರಲ್ಲ.

ನನ್ನದು ನಿಟ್ಟುವಳ್ಳಿ ಕಡೆ, ಮನೆ ಮಹಡಿ ಮೇಲೆ ಒಂದು ಚಿಕ್ಕ ರೆಕಾರ್ಡಿಂಗ್ ರೂಮು. ದೇವರ ಹಾಡು, ಜಾನಪದ ಹಾಡು, ಆರ್ಕೆಸ್ಟ್ರಾದವರ ಡೆಮೊ, ಎಂಜಿನಿಯರಿಂಗ್ ಹುಡುಗರ ಬ್ಯಾಂಡು, ಹೀಗೆ ಎಲ್ಲ ಬರುತ್ತವೆ. ಮುಕ್ಕಾಲು ಪಾಲು ಜನ ರಿದಮ್ ಪ್ಯಾಡ್‌ನಲ್ಲೇ ಕೆಲಸ ಮುಗಿಸುತ್ತಾರೆ. ನಿಜವಾದ ಡ್ರಮ್ ಹೊತ್ತು ಮಹಡಿ ಹತ್ತುವವರು ಕಡಿಮೆ. ಹಾಗೆ ಹತ್ತಿದವರಿಗೆ ಒಳ್ಳೆಯ ಕಿಕ್ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವ ಸದ್ದು ಬೇಕು ಹೇಳಿ

"ಸಿನಿಮಾದಲ್ಲಿ ಬಂದಂಗೆ ಬರಬೇಕು ಸಾರ್" ಅನ್ನುವವರೇ ಜಾಸ್ತಿ. ಯಾವ ಸಿನಿಮಾ, ಯಾವ ಹಾಡು ಅಂದರೆ ಉತ್ತರ ಇರಲ್ಲ. ಅದೂ ಅಲ್ಲದೆ ಈಗಿನ ಎಷ್ಟೋ ಸಿನಿಮಾ ಹಾಡುಗಳ ಕಿಕ್ ಯಾರೂ ಕಾಲಲ್ಲಿ ಬಾರಿಸಿದ್ದಲ್ಲ, ಕಂಪ್ಯೂಟರ್‌ನಲ್ಲಿ ಜೋಡಿಸಿದ ಸ್ಯಾಂಪಲ್. ಅದಕ್ಕೇ ನಾನು ಒಂದು ಹಾಡನ್ನು ಮೊಬೈಲ್‌ನಲ್ಲಿ ಹಾಕಿ ತೋರಿಸಿ ಅನ್ನುತ್ತೇನೆ. ಅದನ್ನು ಹೆಡ್‌ಫೋನ್‌ನಲ್ಲಿ ಕೇಳಿ. ಪೆಟ್ಟು ಬಿದ್ದ ಮೇಲೆ ಸದ್ದು ಎಷ್ಟು ಹೊತ್ತು ನಿಲ್ಲುತ್ತದೆ? ಬೀಟರ್ (ಪೆಡಲ್ ಒತ್ತಿದಾಗ ಡ್ರಮ್ಮಿಗೆ ಬಡಿಯುವ ಸುತ್ತಿಗೆ) ತಾಗಿದ 'ಟಕ್' ಎಷ್ಟು ಕೇಳುತ್ತದೆ? ಬೇಸ್ ಗಿಟಾರ್ ಕೆಳಗೆ ಕೂತಿದೆಯೋ, ಕಿಕ್ ಕೆಳಗೆ ಕೂತಿದೆಯೋ? ಇವಿಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆಯಿತು.

ನಿಮ್ಮ ಡ್ರಮ್ ಎಷ್ಟು ಇಂಚಿನದು ಅನ್ನುವುದೂ ಮುಖ್ಯ. 22 ಇಂಚಿನದು ಎಲ್ಲದಕ್ಕೂ ಆಗುತ್ತದೆ, ನಮ್ಮ ಕಡೆ ಸಿಗುವುದೂ ಅದೇ ಹೆಚ್ಚು. 20 ಇಂಚಿನದು ಸ್ವಲ್ಪ ಮೇಲಿನ ಸ್ವರದಲ್ಲಿ ಚುರುಕಾಗಿ ಮಾತಾಡುತ್ತದೆ. 18 ಇಂಚಿನದು ಜಾಝ್ ಬಾರಿಸುವವರ ಡ್ರಮ್. ಅದನ್ನು ತಂದು ಎದೆ ನಡುಗಬೇಕು ಅಂದರೆ ಆಗದ ಮಾತು.

ಹೆಡ್ ಕೂರಿಸುವುದು

ಒಳಗಿರುವುದನ್ನೆಲ್ಲ ಹೊರಗೆ ತೆಗೆಯಿರಿ. ದಿಂಬು, ಕೌದಿ, ಹಳೇ ಟೀ ಶರ್ಟು, ಎಲ್ಲಾ. ಎರಡೂ ಹೆಡ್ (ಡ್ರಮ್ಮಿನ ಎರಡು ಬದಿಗೆ ಬಿಗಿದ ಹಾಳೆ) ಬಿಚ್ಚಿ, ಡ್ರಮ್ಮಿನ ದುಂಡು ಮೈ ಅಂದರೆ ಶೆಲ್‌ನ ಅಂಚನ್ನು ಒಣ ಬಟ್ಟೆಯಲ್ಲಿ ಒರೆಸಿ. ನಮ್ಮೂರಿನ ಧೂಳು ಗೊತ್ತಲ್ವಾ, ಅಂಚಿನ ಮೇಲೆ ಒಂದು ಪದರ ಕೂತಿರುತ್ತದೆ. ಬೆರಳನ್ನು ಸುತ್ತಲೂ ಓಡಿಸಿ ನೋಡಿ. ಎಲ್ಲಾದರೂ ಚಕ್ಕೆ ಎದ್ದಿದ್ದರೆ, ತಗ್ಗು ಬಿದ್ದಿದ್ದರೆ ಆ ಜಾಗದಲ್ಲಿ ಹೆಡ್ ಎಂದೂ ಸರಿಯಾಗಿ ಕೂರಲ್ಲ. ಅದನ್ನು ಮೊದಲು ಸರಿ ಮಾಡಿಸಿ.

ಪೆಡಲ್ ಕಡೆ ಹೆಡ್ ಬೀಟರ್ ಬೀಳುವ ಜಾಗದಲ್ಲಿ ಗುಂಡಿ ಬಿದ್ದಿದ್ದರೆ ಹೊಸದು ಹಾಕಿ. ರೆಮೋ ಪವರ್‌ಸ್ಟ್ರೋಕ್ 3 ನನಗೆ ಇಷ್ಟ. ಅದರ ಅಂಚಿಗೆ ಒಳಗಿನಿಂದ ಒಂದು ತೆಳು ಉಂಗುರ ಇರುತ್ತದೆ, ಬೇಡದ ಮೇಲಿನ ಕಿರಿಕಿರಿಯನ್ನು ಅದೇ ತಡೆಯುತ್ತದೆ. ಇವಾನ್ಸ್ ಈಮ್ಯಾಡ್ ಆದರೆ ಹೊರಗಡೆ ಫೋಮ್ ಉಂಗುರ ಸಿಕ್ಕಿಸುವ ಹಾಗಿದೆ. ತೆಳುವಾದದ್ದು ದಪ್ಪದ್ದು ಎರಡೂ ಕೊಟ್ಟಿರುತ್ತಾರೆ, ಬದಲಿಸಿ ಕೇಳಬಹುದು. ಈ ಎರಡರಲ್ಲಿ ಯಾವುದಿದ್ದರೂ ದಿಂಬಿನ ಅಗತ್ಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇನ್ನು ಟ್ಯೂನಿಂಗ್. ನೆಲದ ಮೇಲೆ ಕಂಬಳಿ ಹಾಸಿ. ನನ್ನ ಹತ್ತಿರ ಚಳ್ಳಕೆರೆ ಕಡೆಯ ಕರಿ ಕಂಬಳಿ ಇದೆ, ದಪ್ಪ, ಜಾರಲ್ಲ. ಡ್ರಮ್ಮನ್ನು ಅದರ ಮೇಲೆ ಮಲಗಿಸಿದರೆ ಕೆಳಗಿನ ಹೆಡ್ ಸುಮ್ಮನಿರುತ್ತದೆ, ಮೇಲಿನದು ಮಾತ್ರ ಕೇಳುತ್ತದೆ. ಪೆಡಲ್ ಕಡೆ ಹೆಡ್ ಇಟ್ಟು, ಹೂಪ್ (ಹೆಡ್ಡನ್ನು ಒತ್ತಿ ಹಿಡಿಯುವ ಬಳೆ) ಇಟ್ಟು, ಅದನ್ನು ಬಿಗಿಯುವ ಎಲ್ಲ ರಾಡ್‌ಗಳನ್ನೂ ಬೆರಳಿನಿಂದ ಎಷ್ಟು ತಿರುಗುತ್ತದೋ ಅಷ್ಟೇ ತಿರುಗಿಸಿ. ರಾಡ್ ತಿರುಗಿಸುವ ಕೀ ಮುಟ್ಟಬೇಡಿ. ಈಗ ಅಂಗೈಯನ್ನು ಹೆಡ್ ನಡುವೆ ಇಟ್ಟು ಮೆಲ್ಲಗೆ ಭಾರ ಬಿಡಿ. ಹೊಸ ಹೆಡ್ ಆದರೆ ಅಂಚಿನಿಂದ ಚಟಚಟ ಅನ್ನುತ್ತದೆ. ಹೆದರಬೇಡಿ, ಅದು ರಿಂಗಿನೊಳಗಿನ ಗೋಂದು ಬಿಡುವ ಸದ್ದು. ಕೈ ತೆಗೆದಾಗ ಹೆಡ್ ಮೇಲೆ ಸುಕ್ಕು ಕಾಣುತ್ತದೆ. ಸುಕ್ಕು ಯಾವ ರಾಡ್ ಹತ್ತಿರ ಇದೆಯೋ ಅದನ್ನು ಇನ್ನೊಂದು ಚೂರು ಬಿಗಿ ಮಾಡಿ. ಮತ್ತೆ ಒತ್ತಿ, ಮತ್ತೆ ನೋಡಿ.

ಇದಾದ ಮೇಲೆ ಕೀ ಹಿಡಿದು ಒಂದು ರಾಡ್‌ಗೆ ಕಾಲು ಸುತ್ತು, ಆಮೇಲೆ ಅದರ ನೇರ ಎದುರಿನ ರಾಡ್‌ಗೆ ಕಾಲು ಸುತ್ತು. ಪಕ್ಕದ ರಾಡ್‌ಗೆ ಹೋದಿರೋ ಹೆಡ್ ಒಂದು ಕಡೆ ಎಳೆದುಕೊಳ್ಳುತ್ತದೆ. ಸುಕ್ಕು ಪೂರ್ತಿ ಮಾಯ ಆದ ಕ್ಷಣ ನಿಲ್ಲಿಸಿ. ಒಂದು ಬೆರಳನ್ನು ಹೆಡ್ ನಡುವೆ ಹಗುರವಾಗಿ ಇಟ್ಟುಕೊಂಡು, ಪ್ರತಿ ರಾಡ್‌ನಿಂದ ಎರಡು ಇಂಚು ಒಳಗೆ ಕಡ್ಡಿಯಿಂದ ತಟ್ಟಿ ಕೇಳಿ. ಒಂದು ಕಡೆ 'ಡಬ್', ಇನ್ನೊಂದು ಕಡೆ 'ಡಿಬ್' ಅಂದರೆ ಸಮ ಇಲ್ಲ. ಮೇಲಿರುವ ಸ್ವರವನ್ನು ಇಳಿಸುವಾಗ ಬೇಕಾದ್ದಕ್ಕಿಂತ ಚೂರು ಕೆಳಗೆ ಬಿಟ್ಟು, ಮತ್ತೆ ಬಿಗಿ ಮಾಡುತ್ತಾ ಮೇಲೆ ಬನ್ನಿ. ಕೊನೆಯ ತಿರುವು ಯಾವತ್ತೂ ಬಿಗಿಯುವ ಕಡೆಗೇ ಇರಬೇಕು. ಸಡಿಲಿಸಿ ಹಾಗೇ ಬಿಟ್ಟರೆ ಬಾರಿಸುವಾಗ ರಾಡ್ ತಾನೇ ಇಳಿಯುತ್ತಾ ಹೋಗುತ್ತದೆ.

ಆರ್ಕೆಸ್ಟ್ರಾ ಹುಡುಗರು ಇದನ್ನು ಬೇಜಾರಿನ ಕೆಲಸ ಅಂತಾರೆ. ದುಗ್ಗಮ್ಮನ ಜಾತ್ರೆಯಲ್ಲಿ ತಮಟೆ ಬಾರಿಸುವವರನ್ನು ನೋಡಿ. ಮೊದಲು ಬೆಂಕಿಗೆ ಹಿಡಿದು ಕಾಯಿಸಿ, ಬೆರಳಲ್ಲಿ ತಟ್ಟಿ ಕೇಳಿ, ಆಮೇಲೇ ಹೆಗಲಿಗೆ ಹಾಕುತ್ತಾರೆ. ನಮ್ಮ ಹೆಡ್‌ಗಳು ಚರ್ಮದವಲ್ಲ. 1950ರ ದಶಕದ ಕೊನೆಯಿಂದ ಪಾಲಿಯೆಸ್ಟರ್ ಹಾಳೆಯವು ಬಂದಿವೆ, ಮಳೆಗಾಲದ ತೇವಕ್ಕೆ ಅಷ್ಟಾಗಿ ಸಡಿಲ ಆಗಲ್ಲ. ಬೆಂಕಿ ಬೇಡ, ತಾಳ್ಮೆ ಸಾಕು.

ಎದುರಿನ ಹೆಡ್ಡೇ ಯಜಮಾನ

ಪೆಡಲ್ ಕಡೆ ಹೆಡ್ ಕಾಲಿಗೆ ಸಂಬಂಧಪಟ್ಟದ್ದು. ಬೀಟರ್ ಎಷ್ಟು ಪುಟಿಯುತ್ತದೆ, ಪೆಟ್ಟು ಎಷ್ಟು ಮೆತ್ತಗೆ ಬೀಳುತ್ತದೆ ಅನ್ನುವುದು ಅದರ ಲೆಕ್ಕ. ಸ್ವರ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ಎಳೆಯುತ್ತದೆ ಅನ್ನುವುದರಲ್ಲಿ ಎದುರಿನ ಹೆಡ್‌ನದ್ದೇ ದೊಡ್ಡ ಪಾಲು. ಆದರೆ ಇಲ್ಲಿ ಎಲ್ಲರೂ ಅದನ್ನು ಕಂಪನಿ ಹೆಸರು ಕಾಣಲಿ ಅಂತ ಹಾಕಿ ಮರೆತುಬಿಡುತ್ತಾರೆ.

ಎದುರಿನ ಹೆಡ್ಡನ್ನೂ ಹೀಗೇ ಕೂರಿಸಿ, ಡ್ರಮ್ಮನ್ನು ಎಬ್ಬಿಸಿ ನಿಲ್ಲಿಸಿ, ಒಬ್ಬರು ಪೆಡಲ್ ಒತ್ತುತ್ತಿರಲಿ. ನೀವು ಎದುರಿನ ಹೆಡ್‌ನ ಎಲ್ಲ ರಾಡ್‌ಗಳನ್ನೂ ಒಟ್ಟೊಟ್ಟಿಗೆ ಕಾಲು ಕಾಲು ಸುತ್ತು ಏರಿಸುತ್ತಾ ಹೋಗಿ. ಎರಡೂ ಹೆಡ್ ಒಂದೇ ಸ್ವರಕ್ಕೆ ಬಂದಾಗ ಡ್ರಮ್ ತುಂಬಾ ಹೊತ್ತು ಹಾಡುತ್ತದೆ. ಅದನ್ನು ದಾಟಿ ಎದುರಿನದು ಸ್ವಲ್ಪ ಮೇಲೆ ಹೋದಾಗ ಸ್ವರ ಗಟ್ಟಿಯಾಗಿ, ದುಂಡಗೆ ಬರುತ್ತದೆ, ಬೇಗ ಮುಗಿಯುತ್ತದೆ. ನಾನು ಸಾಮಾನ್ಯವಾಗಿ ನಿಲ್ಲುವುದು ಇಲ್ಲೇ. ಎದುರಿನದನ್ನು ತೀರಾ ಸಡಿಲ ಮಾಡಿದರೆ 'ದಬ್' ಅಂತ ಒಣ ಪೆಟ್ಟು ಸಿಗುತ್ತದೆ, ಆದರೆ ಸ್ವರ ಇರಲ್ಲ.

ಕಿವಿಯ ಮೇಲೆ ನಂಬಿಕೆ ಇಲ್ಲದವರು ಮೈಕ್ ಹಾಕಿ ರೆಕಾರ್ಡ್ ಮಾಡಿ ನೋಡಬಹುದು. ರೀಪರ್ (ರೆಕಾರ್ಡಿಂಗ್ ಸಾಫ್ಟ್‌ವೇರ್) ಬಳಸುವವರಿಗೆ ಅದರದೇ ಇಕ್ಯೂ ಆದ ರೀಈಕ್ಯೂನಲ್ಲೇ ಗ್ರಾಫ್ ಕಾಣುತ್ತದೆ. 22 ಇಂಚಿನ ಡ್ರಮ್‌ಗೆ ದೊಡ್ಡ ಗುಡ್ಡ ಸುಮಾರು 50ರಿಂದ 65 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ನಡುವೆ ಎದ್ದಿದ್ದರೆ ಸರಿ. ಹಾರ್ಮೋನಿಯಂ ಬಿಳಿ 1ರ ಹಾಡಾದರೆ, ಅಂದರೆ ಸಿ ಶ್ರುತಿಗೆ, 65 ಹರ್ಟ್ಸ್ ಹತ್ತಿರ ಷಡ್ಜ, 49 ಹರ್ಟ್ಸ್ ಹತ್ತಿರ ಕೆಳಗಿನ ಪಂಚಮ. ಕಿಕ್ಕನ್ನೂ ಶ್ರುತಿಗೆ ಕೂರಿಸಲೇಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ. ನಿಧಾನದ ಹಾಡಿನಲ್ಲಿ, ಕಿಕ್ ಉದ್ದಕ್ಕೆ ಎಳೆಯುವಾಗ, ಅದು ನಿಜ. ಫಾಸ್ಟ್ ಹಾಡಿನಲ್ಲಿ ಕುಟುಕುಟು ಅಂತ ಬೀಳುವ ಕಿಕ್‌ಗೆ ಶ್ರುತಿ ಹುಡುಕುತ್ತಾ ಅರ್ಧ ದಿನ ಕಳೆಯಬೇಡಿ.

ಎದುರಿನ ಹೆಡ್‌ಗೆ ತೂತು ಬೇಕೇ? ಮೈಕ್ ಒಳಗೆ ಹೋಗಬೇಕು, 'ಟಕ್' ಬೇಕು ಅಂದರೆ ಬೇಕು. ನಾಲ್ಕು ಐದು ಇಂಚು ಸಾಕು, ನಡುವೆ ಬೇಡ, ಒಂದು ಪಕ್ಕಕ್ಕಿರಲಿ. ಬೋಗುಣಿ ಇಟ್ಟು ಗೆರೆ ಎಳೆದು ಬ್ಲೇಡಿನಿಂದ ಹತ್ತಿಂಚು ಕೊಯ್ದು ತಂದವರಿದ್ದಾರೆ. ಅಷ್ಟು ದೊಡ್ಡದಾದರೆ ಎದುರಿನ ಹೆಡ್ ಇದ್ದೂ ಇಲ್ಲದ ಹಾಗೆ. ಕೊಯ್ದ ಅಂಚಿಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ರಿಂಗ್ ಹಾಕದಿದ್ದರೆ ಮುಂದೊಂದು ದಿನ ಅಲ್ಲಿಂದಲೇ ಹರಿಯುತ್ತದೆ.

ಈಗ ಕೌದಿ

ಖಾಲಿ ಡ್ರಮ್ ಸರಿಯಾಗಿ ಹಾಡುತ್ತಿದೆ ಅಂದ ಮೇಲೆ ಎಷ್ಟು ಬಾಯಿ ಮುಚ್ಚಬೇಕು ಅನ್ನುವ ಪ್ರಶ್ನೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತು ನಮ್ಮದು, ಅರಳೆ ದಿಂಬಿಗೆ ಬರವಿಲ್ಲ. ಆದರೂ ನಾನು ಕೌದಿಗೇ ಓಟು ಹಾಕುತ್ತೇನೆ. ಹಳೇ ಸೀರೆಗಳನ್ನು ಪದರ ಪದರ ಹೊಲಿದಿದ್ದು ತೂಕ ಇರುತ್ತದೆ, ಇಟ್ಟ ಕಡೆ ನಿಲ್ಲುತ್ತದೆ, ಬೇಕಾದಷ್ಟು ಮಡಚಬಹುದು. ಮಗುವಿನ ಚಿಕ್ಕ ಕೌದಿ ಸಾಕು. ಡ್ರಮ್ ತಳದಲ್ಲಿ ಹಾಸಿ, ಪೆಡಲ್ ಕಡೆ ಹೆಡ್‌ಗೆ ನಾಲ್ಕು ಬೆರಳಿನಷ್ಟು ತಾಗಲಿ. ಎದುರಿನ ಹೆಡ್‌ಗೆ ಮೊದಲು ತಾಗಿಸಲೇಬೇಡಿ. ಪೆಡಲ್ ಒತ್ತಿ ಕೇಳಿ. ಇನ್ನೂ ಉದ್ದ ಅನ್ನಿಸಿದರೆ ಎದುರಿನ ಕಡೆಗೂ ಒಂದು ಬೆರಳು ತಾಗಿಸಿ. ಇಷ್ಟರಲ್ಲೇ ಬಹಳ ವ್ಯತ್ಯಾಸ ಕೇಳುತ್ತದೆ.

ತೂತಿಲ್ಲದ ಹೆಡ್, ತುಂಬು ದನಿ ಬೇಕು ಅನ್ನುವವರಿಗೆ ಹಳೇ ಉಪಾಯ ಇದೆ. ಹೆಡ್ ಹಾಕುವ ಮುಂಚೆ ಶೆಲ್ ಮೇಲೆ ಎರಡು ಇಂಚು ಅಗಲದ ಫೆಲ್ಟ್ ಪಟ್ಟಿ ಅಡ್ಡ ಎಳೆದು, ಅದರ ಮೇಲೆ ಹೆಡ್ ಕೂರಿಸುವುದು. ನಡುವೆ ಬೇಡ, ಮೂರನೇ ಒಂದು ಭಾಗದಲ್ಲಿ. ಫೆಲ್ಟ್ ಸಿಗದಿದ್ದರೆ ಹರಿದ ಕಂಬಳಿಯ ಪಟ್ಟಿಯೂ ಆಗುತ್ತದೆ.

ಬೀಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೆಲ್ಟ್ ಆದರೆ ಮೆತ್ತಗೆ, ಮರ ಅಥವಾ ಪ್ಲಾಸ್ಟಿಕ್ ಆದರೆ ಟಕ್. ಮೆಟಲ್ ಬ್ಯಾಂಡಿನ ಹುಡುಗರಿಗೆ ಟಕ್ ಸಾಲದಿದ್ದರೆ ಅವಧಿ ಮುಗಿದ ಏಟಿಎಂ ಕಾರ್ಡನ್ನು ಬೀಟರ್ ಬೀಳುವ ಜಾಗಕ್ಕೆ ಟೇಪ್ ಹಾಕಿ ಅಂಟಿಸಿ. ಅಂಗಡಿಯ ದುಬಾರಿ ಪ್ಯಾಚ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಇನ್ನೊಂದು ಮಾತು: ಬೀಟರನ್ನು ಹೆಡ್‌ಗೆ ಒತ್ತಿ ಹಿಡಿದರೆ ಸದ್ದು ತುಂಡಾಗುತ್ತದೆ, ಹೊಡೆದು ಬಿಟ್ಟರೆ ಬೆಳೆಯುತ್ತದೆ. ಒಂದೇ ಹಾಡಿನಲ್ಲಿ ಒಮ್ಮೆ ಹೀಗೆ ಒಮ್ಮೆ ಹಾಗೆ ಬಾರಿಸಿದರೆ ಮಿಕ್ಸ್ ಮಾಡುವವರಿಗೆ ತಲೆನೋವು. ಡ್ರಮ್ಮರ್‌ಗೆ ಮೊದಲೇ ಹೇಳಿಬಿಡಿ.

ರೂಮಿನ ಮೋಸ

ನನ್ನ ರೂಮು 10 ಅಡಿ ಅಗಲ, 12 ಅಡಿ ಉದ್ದ, ಆರ್‌ಸಿಸಿ ಚಾವಣಿ. ಇಂಥ ರೂಮು ಕೆಲವು ಕೆಳಸ್ವರಗಳನ್ನು ತಾನೇ ಎತ್ತಿ ಕೊಡುತ್ತದೆ. ಲೆಕ್ಕ ಸುಲಭ: 565ನ್ನು ಗೋಡೆಗಳ ನಡುವಿನ ಅಡಿಯಿಂದ ಭಾಗಿಸಿ. 12 ಅಡಿಗೆ ಸುಮಾರು 47 ಹರ್ಟ್ಸ್, 10 ಅಡಿಗೆ 56 ಹರ್ಟ್ಸ್. ನಮ್ಮ ಕಿಕ್ ಇರುವುದೂ ಅಲ್ಲೇ ಅಲ್ವಾ? ಈ ಸ್ವರಗಳು ಗೋಡೆ ಪಕ್ಕ, ಮೂಲೆಯಲ್ಲಿ ದಪ್ಪ, ರೂಮಿನ ನಟ್ಟನಡುವೆ ತೆಳು. ನಡುವೆ ನಿಂತು ಕೇಳಿದವರು "ಬೇಸೇ ಇಲ್ಲ" ಅಂತಾರೆ, ಮೂಲೆಯಲ್ಲಿ ನಿಂತವರು "ಸಾಕು ನಿಲ್ಲಿಸಿ" ಅಂತಾರೆ. ಇಬ್ಬರ ಮಾತನ್ನೂ ನಂಬಬೇಡಿ. ರೆಕಾರ್ಡ್ ಮಾಡಿ ಹೆಡ್‌ಫೋನ್‌ನಲ್ಲಿ ಕೇಳಿ ತೀರ್ಮಾನಿಸಿ. ಗೋಡೆಗೆ ಕಂಬಳಿ ನೇತು ಹಾಕಿದರೆ ಸಿಂಬಲ್‌ನ ಚುರುಕು ತಗ್ಗುತ್ತದೆ, 50 ಹರ್ಟ್ಸ್ ಅದಕ್ಕೆ ಕ್ಯಾರೇ ಅನ್ನಲ್ಲ.

ಫ್ಯಾನ್ ಆರಿಸಿ. ಏಪ್ರಿಲ್ ತಿಂಗಳಲ್ಲಿ ಇದು ಶಿಕ್ಷೆಯೇ, ಆದರೂ ಆರಿಸಿ. ಇನ್ನೊಂದು ದೊಡ್ಡ ಶತ್ರು ಕರೆಂಟಿನ ಹಮ್. ನಮ್ಮ ಲೈನು 50 ಹರ್ಟ್ಸ್, ಕಿಕ್ಕೂ ಅದೇ ಜಾಗ. ಹಮ್ ಸೇರಿಕೊಂಡರೆ ಇಕ್ಯೂನಲ್ಲಿ ತೆಗೆಯಲು ಹೋಗಿ ಕಿಕ್ಕನ್ನೇ ತೆಗೆದ ಹಾಗಾಗುತ್ತದೆ. ಯಾರೂ ಬಾರಿಸದಿದ್ದಾಗ ಅರ್ಧ ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನ್‌ನಲ್ಲಿ ಕೇಳಿ. 'ಹ್ಮ್' ಇದ್ದರೆ ಕೇಬಲ್ ಬದಲಿಸಿ, ಎಲ್ಲವನ್ನೂ ಅರ್ತಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿ, ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ.

ಮೈಕು

ಕಿಕ್‌ಗೇ ಮಾಡಿದ ಮೈಕುಗಳಲ್ಲಿ ಎಕೆಜಿ ಡಿ112, ಶೂರ್ ಬೀಟಾ 52ಎ, ಆಡಿಕ್ಸ್ ಡಿ6 ಎಲ್ಲರಿಗೂ ಗೊತ್ತಿರುವವು. ಯಾವುದೂ ಇಲ್ಲದಿದ್ದರೆ ಸ್ಟೇಜಿನ ಎಸ್‌ಎಂ57 ಕೂಡ ಆಗುತ್ತದೆ. ಟಕ್ ಚೆನ್ನಾಗಿ ಹಿಡಿಯುತ್ತದೆ, ತಳದಲ್ಲಿ ಸ್ವಲ್ಪ ಬಡವ. ಯಾವ ಮೈಕು ಅನ್ನುವುದಕ್ಕಿಂತ ಎಲ್ಲಿಟ್ಟಿರಿ ಅನ್ನುವುದು ಮುಖ್ಯ.

ತೂತಿನಿಂದ ಮೈಕಿನ ತಲೆ ಅರ್ಧ ಒಳಗೆ ಹೋದ ಹಾಗೆ ಇಟ್ಟು ಶುರು ಮಾಡಿ. ಇಲ್ಲಿ ಟಕ್ಕೂ ತಳವೂ ಎರಡೂ ಸಿಗುತ್ತದೆ. ಒಳಗೆ ತಳ್ಳಿ ಬೀಟರ್‌ಗೆ ಮೂರು ನಾಲ್ಕು ಇಂಚು ಹತ್ತಿರ ಒಯ್ದರೆ ಟಕ್ ಜಾಸ್ತಿ, ಸ್ವರ ಕಡಿಮೆ. ಬೀಟರ್‌ಗೆ ನೇರ ಹಿಡಿದರೆ ಚುರುಕು, ಶೆಲ್ ಕಡೆಗೆ ಓರೆ ಮಾಡಿದರೆ ಮೆತ್ತಗೆ. ಹೊರಗೆ ಒಂದು ಅಡಿ ದೂರ ಇಟ್ಟರೆ ಇಡೀ ಡ್ರಮ್ಮಿನ ದುಂಡು ದನಿ. ಆದರೆ ತೂತಿನ ನೇರಕ್ಕೆ ಮಾತ್ರ ಇಡಬೇಡಿ. ಪ್ರತಿ ಪೆಟ್ಟಿಗೂ ಅಲ್ಲಿಂದ ಗಾಳಿ ನುಗ್ಗುತ್ತದೆ. ಅಂಗೈ ಹಿಡಿದು ನೋಡಿ, ಗೊತ್ತಾಗುತ್ತದೆ. ಆ ಗಾಳಿ ಮೈಕಿಗೆ ಬಡಿದು 'ಪಫ್' ಅನ್ನುತ್ತದೆ. ಎರಡು ಇಂಚು ಪಕ್ಕಕ್ಕೆ ಸರಿಸಿದರೆ ಹೋಯಿತು.

ಹೊರಗಿನ ಮೈಕಿಗೆ ಸಿಂಬಲ್, ಬೀದಿ, ಗೂಡ್ಸ್ ರೈಲು ಎಲ್ಲ ನುಗ್ಗುತ್ತವೆ. ಕಿಕ್ ಮುಂದೆ ಎರಡು ಕುರ್ಚಿ ಇಟ್ಟು ಮೇಲೆ ದೊಡ್ಡ ಕಂಬಳಿ ಹೊದಿಸಿ ಗುಡಾರ ಮಾಡಿದರೆ ಸಿಂಬಲ್ ಎಷ್ಟೋ ತಗ್ಗುತ್ತದೆ. ರೈಲಿಗೆ ಮಾತ್ರ ಕಾಯುವುದೇ ದಾರಿ.

ಒಳಗೊಂದು ಹೊರಗೊಂದು ಎರಡು ಮೈಕ್ ಇಟ್ಟರೆ ಫೇಸ್ (ಎರಡೂ ಮೈಕಿನ ಸದ್ದಿನ ಅಲೆ ಒಟ್ಟಿಗೆ ಏರಿಳಿಯುತ್ತದೆಯೋ ಇಲ್ಲವೋ) ನೋಡಲೇಬೇಕು. ಎರಡನ್ನೂ ಒಂದೇ ಜೋರಿಗೆ ತಂದು, ಒಂದರ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಬಟನ್ ಒತ್ತಿ ಕೇಳಿ. ಯಾವುದರಲ್ಲಿ ತಳ ದಪ್ಪ ಕೇಳುತ್ತದೋ ಅದು ಸರಿ. ಹಳೇ ಹೋಮ್ ಥಿಯೇಟರಿನ ಆರು ಎಂಟು ಇಂಚಿನ ವೂಫರ್ ಇದ್ದರೆ ಅದಕ್ಕೆ ಕೇಬಲ್ ಬೆಸುಗೆ ಹಾಕಿ ಹೆಡ್ ಮುಂದೆ ನಿಲ್ಲಿಸಿ ನೋಡಿ. ಸ್ಪೀಕರೂ ಮೈಕೂ ಎರಡೂ ಅಯಸ್ಕಾಂತ, ಸುರುಳಿ, ಅಷ್ಟೇ. ತಳ ಮಾತ್ರ ಹಿಡಿದು ಕೊಡುವ ಮೈಕ್ ಅದು. ಆ ಚಾನೆಲ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ (ಕೇಬಲ್ಲಿನಲ್ಲೇ ಮೈಕಿಗೆ ಹೋಗುವ ಕರೆಂಟು) ಆಫ್ ಇರಲಿ.

ಲೆವೆಲ್ ವಿಷಯ ಚಿಕ್ಕದು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಜೋರು ಪೆಟ್ಟು ಮೀಟರಿನಲ್ಲಿ ಮೈನಸ್ 10 ಡಿಬಿ ಆಸುಪಾಸು ಇರಲಿ. ಟೆಸ್ಟ್ ಮಾಡುವಾಗ ಮೆಲ್ಲಗೆ ಒತ್ತಿದ ಡ್ರಮ್ಮರ್ ಹಾಡು ಶುರುವಾದ ಮೇಲೆ ಎರಡರಷ್ಟು ಹೊಡೆಯುತ್ತಾನೆ. ಇದು ಎಲ್ಲ ಊರಿನಲ್ಲೂ ಹೀಗೇ.

ಮಿಕ್ಸ್ ಮಾಡುವಾಗ

ಇಲ್ಲಿಯವರೆಗೆ ಸರಿ ಮಾಡಿದ್ದರೆ ಮಿಕ್ಸ್‌ನಲ್ಲಿ ಕೆಲಸ ಕಡಿಮೆ. 30 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ರಟ್ಟಿನ ಡಬ್ಬಿ ಬಡಿದ ಹಾಗಿದ್ದರೆ 300ರಿಂದ 500 ಹರ್ಟ್ಸ್ ನಡುವೆ ಇಳಿಸಿ. ಟಕ್ ಬೇಕಾದರೆ 3ರಿಂದ 5 ಕಿಲೋಹರ್ಟ್ಸ್ ಸ್ವಲ್ಪ ಏರಿಸಿ. ಕಂಪ್ರೆಸರ್ (ಜೋರು ಸದ್ದನ್ನು ತಾನೇ ತಗ್ಗಿಸುವ ಸಾಧನ) ಹಾಕುವುದಾದರೆ ಅಟ್ಯಾಕ್ (ತಗ್ಗಿಸಲು ಹಿಡಿಯುವ ಸಮಯ) 20ರಿಂದ 30 ಮಿಲಿಸೆಕೆಂಡ್ ಇರಲಿ, ಮೊದಲ ಪೆಟ್ಟು ಪಾರಾಗಲಿ. ರಿಲೀಸ್ (ತಗ್ಗಿಸಿದ್ದನ್ನು ಬಿಡುವ ಸಮಯ) ಮುಂದಿನ ಪೆಟ್ಟು ಬರುವಷ್ಟರಲ್ಲಿ ಮುಗಿಯಲಿ. ನಮ್ಮ ಹಾಡು ಕೇಳುವವರಲ್ಲಿ ಅರ್ಧ ಜನ ಮೊಬೈಲ್ ಸ್ಪೀಕರಿನಲ್ಲಿ, ಉಳಿದವರು ಪ್ರೈವೇಟ್ ಬಸ್ಸಿನ ವೂಫರಿನಲ್ಲಿ. ಮೊಬೈಲಿನಲ್ಲಿ 60 ಹರ್ಟ್ಸ್ ಬರುವುದೇ ಇಲ್ಲ, ಅಲ್ಲಿ ಕಿಕ್ ಇದೆ ಅಂತ ಗೊತ್ತಾಗುವುದು ಟಕ್‌ನಿಂದ. ಬಸ್ಸಿನಲ್ಲಿ ಮಿಕ್ಕಿದ್ದೆಲ್ಲ ಮುಳುಗಿ 60 ಹರ್ಟ್ಸ್ ಮಾತ್ರ ಬರುತ್ತದೆ. ಎರಡೂ ಕಡೆ ಹಾಕಿ ಕೇಳದೆ ಫೈಲ್ ಕೊಡಬೇಡಿ.

ಡೊಳ್ಳು ಇರುವ ಜಾನಪದ ಹಾಡಿಗೆ ಇಷ್ಟು ಸಾಲಲ್ಲ. ಡೊಳ್ಳು, ಕಿಕ್ ಎರಡೂ ಕೆಳಗಿನ ಜಾಗಕ್ಕೇ ಜಗಳ ಆಡುತ್ತವೆ. ನನ್ನ ಲೆಕ್ಕದಲ್ಲಿ ಅಲ್ಲಿ ಡೊಳ್ಳೇ ದೊಡ್ಡದು. ಕಿಕ್ಕಿನ ಎದುರಿನ ಹೆಡ್ ಸಡಿಲಿಸಿ, ಕೌದಿಯನ್ನು ಎರಡೂ ಕಡೆ ತಾಗಿಸಿ, ಮರದ ಬೀಟರ್ ಹಾಕಿ, ಮೈಕನ್ನು ಒಳಗೆ ತಳ್ಳುತ್ತೇನೆ. ಕಿಕ್ ಚಿಕ್ಕದಾಗಿ ತಾಳ ಹಿಡಿಯಲಿ, ಗುಂಯ್ ಡೊಳ್ಳಿಗೇ ಇರಲಿ. ಇದನ್ನು ಬಾರಿಸುವ ಮುಂಚೆಯೇ ಮಾಡಿಕೊಳ್ಳಬೇಕು. ಉದ್ದಕ್ಕೆ ಎಳೆಯುವ ಕಿಕ್ ರೆಕಾರ್ಡ್ ಆಗಿಬಿಟ್ಟರೆ ಆಮೇಲೆ ಗೇಟ್ (ಸದ್ದು ತಗ್ಗಿದ ಕೂಡಲೇ ಬಾಯಿ ಮುಚ್ಚುವ ಸಾಧನ) ಹಾಕಿ ತುಂಡರಿಸಿದ್ದು ಕಿವಿಗೆ ಗೊತ್ತಾಗುತ್ತದೆ.

ಟೇಕ್ ಓಕೆ ಆಯಿತು ಅಂದ ತಕ್ಷಣ ಡ್ರಮ್ಮರ್ ಎದ್ದು ಟೀಗೆ ಹೊರಡುತ್ತಾನೆ. ತಡೆಯಿರಿ. ಮೈಕ್ ಅಲ್ಲಾಡಿಸದೆ ಮೆಲ್ಲಗೆ, ನಡುವೆ, ಜೋರಾಗಿ, ಬಿಡಿಬಿಡಿ ಪೆಟ್ಟು ಹೊಡೆಸಿಕೊಳ್ಳಿ. ಪ್ರತಿಯೊಂದೂ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಹಾಡಿನಲ್ಲಿ ಎಲ್ಲಾದರೂ ಒಂದು ಪೆಟ್ಟು ಸೊಟ್ಟಗೆ ಬಿದ್ದಿದ್ದರೆ ಅದೇ ಡ್ರಮ್ಮಿನ, ಅದೇ ರೂಮಿನ ಪೆಟ್ಟನ್ನು ಆ ಜಾಗಕ್ಕೆ ಕೂರಿಸಬಹುದು. ಮೈಕ್ ಇಟ್ಟ ಜಾಗ, ಕೌದಿ ತಾಗಿದ ಜಾಗ ಎರಡರದ್ದೂ ಫೋಟೋ ತೆಗೆದುಕೊಂಡು, ಆಮೇಲೆ ಕಳಚಿ.